ಗಿಡದ ಟ್ಯಾಂಕಿಗೆ ಪಾಚಿ ಹಿಡಿದ್ರೆ ಎಂತ ಮಾಡುದು? ಲೈಟಿಂದ ಸುರು ಮಾಡಿ

ಮೊನ್ನೆ ನೀರ್ಚಾಲಿನ ದೋಸ್ತಿ ಒಬ್ಬ ಅವನ ಅಕ್ವೇರಿಯಮ್ಮಿನ, ಮೀನಿನ ಜೊತೆ ಗಿಡ ನೆಟ್ಟ ಟ್ಯಾಂಕಿನ ಫೋಟೋ ಕಳಿಸಿದ. ಗಿಡ ಯಾವುದು ಪಾಚಿ ಯಾವುದು ಅಂತ ಗೊತ್ತಾಗದ ಹಾಗೆ ಆಗಿತ್ತು, ಕೆಳಗೆ ಒಂದೇ ಸಾಲು: "ಯಾವ ಮದ್ದು ಹಾಕುದು ಭಾವಾ?" ಎಲ್ಲರೂ ಕೇಳುದು ಇದೇ. ನಾನೂ ಎರಡು ವರ್ಷ ಇದನ್ನೇ ಕೇಳಿಕೊಂಡು ತಿರುಗಿದವ, ಬಾಟ್ಲಿ ಮೇಲೆ ಬಾಟ್ಲಿ ತಂದು ಹೊಯ್ದವ. ಆದ್ರೆ ಪಾಚಿ ರೋಗ ಅಲ್ಲ ಮಾರಾಯ್ರೆ. ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸ್ತಾರಲ್ಲ, ಸೋಗೆಯ ಅಡಿಯಲ್ಲಿ ನೀರು ಉಂಟು, ಮಣ್ಣು ಉಂಟು, ಆದ್ರೂ ಹಾವಸೆ ಕಟ್ಟುದಿಲ್ಲ, ಸೋಗೆ ಇಲ್ಲದ ಕಡೆ ಕಾಲಿಟ್ರೆ ಜಾರಿ ಬೀಳುದೇ. ವ್ಯತ್ಯಾಸ ಬೆಳಕಿನದ್ದು. ಟ್ಯಾಂಕಿನಲ್ಲೂ ಅದೇ ಲೆಕ್ಕ, ಗಿಡಕ್ಕೆ ತಿಂದು ಮುಗಿಸ್ಲಿಕ್ಕೆ ಆಗದಷ್ಟು ಬೆಳಕು ಕೊಟ್ರೆ ಉಳಿದದ್ದು ಪಾಚಿಯ ಪಾಲು.

ಲೆಕ್ಕಕ್ಕೆ ನನ್ನ ಟ್ಯಾಂಕನ್ನೇ ಇಟ್ಟುಕೊಳ್ತೇನೆ. ಎರಡಡಿ ಉದ್ದ, ಒಂದಡಿ ಅಗಲ, ಒಂದೂಕಾಲು ಅಡಿ ಎತ್ತರ. ಗ್ಲಾಸಿನ ಲೆಕ್ಕದಲ್ಲಿ 70 ಲೀಟರು ಬರ್ತದೆ, ಆದ್ರೆ ಮಣ್ಣು ಕಲ್ಲು ಮರದ ತುಂಡು ಎಲ್ಲ ಕಳೆದ್ರೆ ನಿಜವಾದ ನೀರು 50–55 ಲೀಟರು. ಮದ್ದಾಗಲಿ ಗೊಬ್ಬರ ಆಗಲಿ ಈ ಎರಡನೇ ಲೆಕ್ಕದಲ್ಲಿ ಹಾಕಬೇಕು, 70ರಲ್ಲಿ ಅಲ್ಲ.

ಮೊದಲು ಯಾವ ಪಾಚಿ ಅಂತ ನೋಡಿ

ಒಂದು ಟಾರ್ಚು, ಒಂದು ಹಳೆ ಟೂತ್ ಬ್ರಷ್ಷು ಹಿಡ್ಕೊಂಡು ಟ್ಯಾಂಕಿನ ಎದುರು ಕೂತ್ಕೊಳ್ಳಿ. ಉಗುರಲ್ಲಿ ಕೆರೆದು ನೋಡಿ, ಎಳೆದು ನೋಡಿ, ಬೇಕಾದ್ರೆ ಮೂಸಿಯೂ ನೋಡಿ.

ಕಂದು ಹುಡಿ ಉದುರಿಸಿದ ಹಾಗೆ ಎಲೆ, ಗ್ಲಾಸು, ಮಣ್ಣು ಎಲ್ಲದರ ಮೇಲೆ ಕೂತಿದ್ರೆ, ಬೆರಳಲ್ಲಿ ಒರೆಸಿದ ಕೂಡ್ಲೆ ಹೋಗುದಾದ್ರೆ ಅದು ಡಯಾಟಮ್. ಹೊಸ ಟ್ಯಾಂಕಿಗೆ ಮೊದಲ ಒಂದೂವರೆ ಎರಡು ತಿಂಗಳಲ್ಲಿ ಬರುದು ಸಾಮಾನ್ಯ. ಒರೆಸಿ, ನೀರು ಬದಲಿಸಿ, ಸುಮ್ಮನಿರಿ, ಅದರಷ್ಟಕ್ಕೆ ಹೋಗ್ತದೆ.

ಗ್ಲಾಸಿನಲ್ಲಿ ಗುಂಡುಗುಂಡು ಹಸಿರು ಚುಕ್ಕೆ, ಉಗುರು ಹಾಕಿದ್ರೂ ಏಳುದಿಲ್ಲ, ಬ್ಲೇಡೇ ಬೇಕು, ನಿಧಾನಕ್ಕೆ ಬೆಳೆಯುವ ಗಿಡವಾದ ಅನುಬಿಯಾಸ್‌ನ ಹಳೆ ಎಲೆಯಲ್ಲೂ ಉಂಟು ಅಂತಾದ್ರೆ ಅದು ಗ್ರೀನ್ ಸ್ಪಾಟ್. ಲೈಟು ಜಾಸ್ತಿ, ಫಾಸ್ಫೇಟ್ ಕಡಿಮೆ. ಹೌದು, ಕಡಿಮೆ! ಪಾಚಿ ಅಂದ ಕೂಡ್ಲೆ ಗೊಬ್ಬರ ನಿಲ್ಲಿಸುವವರಿಗೆ ಜಾಸ್ತಿ ಬರುವ ಪಾಚಿ ಇದು.

ನೂಲಿನ ಹಾಗೆ ಉದ್ದಕ್ಕೆ ಎಳೆ ಬರುದು ಹೇರ್ ಆಲ್ಗೆ, ಬ್ರಷ್ಷು ಚುಚ್ಚಿ ತಿರುಗಿಸಿದ್ರೆ ಶ್ಯಾವಿಗೆ ಸುತ್ತಿದ ಹಾಗೆ ಸುತ್ತಿಕೊಂಡು ಬರ್ತದೆ. ಎಲೆಯ ಅಂಚಿನಲ್ಲಿ, ಮರದ ತುಂಡಿನಲ್ಲಿ, ಫಿಲ್ಟರ್ ಪೈಪಿನ ಬಾಯಿಯಲ್ಲಿ ಕಪ್ಪಗೆ ಕುಚ್ಚುಕುಚ್ಚಾಗಿ, ಎಳೆದ್ರೆ ಎಲೆ ಹರಿದು ಬರ್ತದೆ ಹೊರತು ಅದು ಬರುದಿಲ್ಲ ಅಂತಾದ್ರೆ ಬ್ಲ್ಯಾಕ್ ಬಿಯರ್ಡ್. ನೋಡ್ಲಿಕ್ಕೆ ಕಪ್ಪು, ಜಾತಿಯಲ್ಲಿ ಅದು ಕೆಂಪು ಪಾಚಿ, ಒಂದು ತುಂಡನ್ನು ಸ್ಪಿರಿಟ್ಟಿನಲ್ಲಿ ಹಾಕಿಟ್ರೆ ಹಸಿರೆಲ್ಲ ಬಿಟ್ಟು ಕೆಂಪಗೆ ಆಗ್ತದೆ, ಸಂಶಯ ಇದ್ರೆ ಹಾಗೆ ಪರೀಕ್ಷೆ ಮಾಡಿ.

ನೀಲಿ ಮಿಶ್ರಿತ ಹಸಿರು ಹಾಳೆ ಮಣ್ಣಿನ ಮೇಲೆ ಹಾಸಿಕೊಂಡು, ಹಾಲಿನ ಕೆನೆಯ ಹಾಗೆ ಎತ್ತಿದ್ರೆ ಇಡೀ ಏಳ್ತದೆ, ಕೈಗೆ ಕೆಸರು ವಾಸನೆ ಅಂತಾದ್ರೆ ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಇನ್ನೊಂದು ಇಡೀ ನೀರೇ ಹಸಿರಾಗುದು. ಈ ಎರಡಕ್ಕೆ ದಾರಿ ಬೇರೆ, ಮುಂದೆ ಹೇಳ್ತೇನೆ.

ಲೈಟು

ಯಾವ ಪಾಚಿ ಆದ್ರೂ ಇವತ್ತೇ ಮಾಡ್ಲಿಕ್ಕೆ ಆಗುವ ಕೆಲಸ ಇದು, ದುಡ್ಡೂ ಬೇಡ. ದಿನಕ್ಕೆ 6 ಗಂಟೆಗೆ ಇಳಿಸಿ. 10 ಗಂಟೆ ಉರಿಸುವವರು ಉಂಟು, ಮೀನು ಚಂದ ಕಾಣ್ತದೆ ಅಂತ. ಮೀನು ನೋಡುದು ನೀವು ಸಂಜೆ ಮನೆಗೆ ಬಂದ ಮೇಲೆ, ಹಾಗಾದ್ರೆ ಮಧ್ಯಾಹ್ನ 3ರಿಂದ ರಾತ್ರಿ 9ರವರೆಗೆ ಇಡಿ. ಲೈಟಿಗೆ ಡಿಮ್ಮರ್ ಇದ್ರೆ ಅರ್ಧಕ್ಕೆ ಇಳಿಸಿ, ಇಲ್ಲದಿದ್ರೆ ಲೈಟನ್ನೇ ಐದಾರು ಇಂಚು ಮೇಲೆ ಎತ್ತಿ ಕಟ್ಟಿ, ಅದೂ ಆಗುದಿಲ್ಲ ಅಂದ್ರೆ ನೀರಿನ ಮೇಲೆ ತೇಲುವ ಗಿಡ ಬಿಡಿ, ಅದೇ ಸೋಗೆ.

ಟೈಮರ್ ಹಾಕಿ. ಕೈಯಲ್ಲಿ ಆನ್ ಆಫ್ ಮಾಡುದು ಎರಡು ದಿನ ಸರಿ ನಡಿತದೆ, ಮೂರನೇ ದಿನ ಮದುವೆಗೆ ಹೋದವ ರಾತ್ರಿ 12ಕ್ಕೆ ಬರ್ತಾನೆ. ಆದ್ರೆ ಟೈಮರ್‌ನಲ್ಲೂ ಒಂದು ಪೆಟ್ಟು ಉಂಟು, ನಾನು ತಿಂದದ್ದು. ಮೊದಲು ನನ್ನಲ್ಲಿದ್ದದ್ದು ಚಕ್ರ ತಿರುಗುವ ಟೈಮರ್, ಸಣ್ಣ ಸಣ್ಣ ಹಲ್ಲು ಒತ್ತಿ ಸೆಟ್ ಮಾಡುವಂಥದ್ದು. ಆಟಿ ತಿಂಗಳು, ಗಾಳಿ ಮಳೆ, ತೆಂಗಿನ ಮಡಲು ಲೈನಿನ ಮೇಲೆ ಬೀಳುದು, ಕರೆಂಟು ದಿನಕ್ಕೆ ಮೂರು ಗಂಟೆ ನಾಲ್ಕು ಗಂಟೆ ಇರುದಿಲ್ಲ. ಕರೆಂಟು ಹೋದಾಗ ಆ ಚಕ್ರವೂ ನಿಲ್ತದೆ, ಬಂದ ಮೇಲೆ ನಿಂತಲ್ಲಿಂದ ಸುರು. ದಿನಕ್ಕೆ ಮೂರು ಗಂಟೆ ಜಾರಿದ್ರೆ ನಾಲ್ಕು ದಿನಕ್ಕೆ ಹನ್ನೆರಡು ಗಂಟೆ, ನನಗೆ ಗೊತ್ತಾದದ್ದು ಒಂದು ರಾತ್ರಿ ಎರಡು ಗಂಟೆಗೆ ನೀರು ಕುಡಿಲಿಕ್ಕೆ ಎದ್ದಾಗ, ಚಾವಡಿಯಲ್ಲಿ ಟ್ಯಾಂಕು ಮದುವೆ ಮಂಟಪದ ಹಾಗೆ ಬೆಳಗ್ತಾ ಉಂಟು. ಹಗಲು ಕಿಟಕಿ ಬೆಳಕು, ರಾತ್ರಿ ಲೈಟು, ಪಾಚಿಗೆ ಎರಡು ಪಂಕ್ತಿ ಊಟ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ, ಕರೆಂಟು ಹೋದ್ರೂ ಅದರ ಗಡಿಯಾರ ನಡಿತದೆ.

ಕಿಟಕಿಯೂ ಮರಿಬೇಡಿ. ದಕ್ಷಿಣದ ಕಿಟಕಿ ಮಳೆಗಾಲದಲ್ಲಿ ಏನೂ ಮಾಡುದಿಲ್ಲ, ನವೆಂಬರ್ ಡಿಸೆಂಬರಿಗೆ ಸೂರ್ಯ ಆಚೆ ವಾಲಿದ ಮೇಲೆ ಬಿಸಿಲು ಓರೆಯಾಗಿ ಸೀದ ಒಳಗೆ ಬರ್ತದೆ. "ಎಂತದ್ದೂ ಬದಲಿಸಿಲ್ಲ, ಆದ್ರೂ ಪಾಚಿ ಬಂತು" ಅಂತ ಹೇಳುವವರ ಮನೆಯಲ್ಲಿ ನಾನು ಮೊದಲು ನೋಡುದು ಅದನ್ನೇ. ಒಂದು ಪರದೆ ಹಾಕಿ.

ಕೈಯಲ್ಲಿ ತೆಗಿರಿ, ಮತ್ತೆ ನೀರು

ಪಾಚಿ ಅದರಷ್ಟಕ್ಕೆ ಸಾಯ್ಲಿ ಅಂತ ಕಾದ್ರೆ ಸತ್ತದ್ದು ಕೊಳೆತು ಇನ್ನೊಂದಷ್ಟಕ್ಕೆ ಗೊಬ್ಬರ ಆಗ್ತದೆ. ಬ್ರಷ್ಷಿನಲ್ಲಿ ಸುತ್ತಿ ತೆಗಿರಿ, ಗ್ಲಾಸು ಕೆರೆರಿ, ಅರ್ಧಕ್ಕಿಂತ ಜಾಸ್ತಿ ಪಾಚಿ ಹಿಡಿದ ಎಲೆಯನ್ನು ಬುಡದಿಂದ ಕತ್ತರಿಸಿ ಬಿಸಾಡಿ, ಅದು ಇನ್ನು ಉದ್ಧಾರ ಆಗುದಿಲ್ಲ. ಮಣ್ಣಿನ ಮೇಲೆ ಕೂತ ಕಸವನ್ನು ಪೈಪಲ್ಲಿ ಎಳೆರಿ. ಇಷ್ಟು ಮಾಡುವಾಗಲೇ ಅರ್ಧ ಟ್ಯಾಂಕು ಖಾಲಿ ಆಗಿರ್ತದೆ, ಅಷ್ಟೇ ಹೊಸ ನೀರು ಹಾಕಿ. ಮೊದಲ ಮೂರು ವಾರ ವಾರಕ್ಕೆ ಎರಡು ಸಲ, ಮತ್ತೆ ವಾರಕ್ಕೆ ಒಂದು ಸಲ ಅರ್ಧ ನೀರು. ಫಿಲ್ಟರಿನ ಸ್ಪಂಜನ್ನು ಅದೇ ಹಳೆ ಟ್ಯಾಂಕು ನೀರಲ್ಲಿ ಹಿಂಡಿ ತೊಳಿರಿ, ನಲ್ಲಿ ಅಡಿಯಲ್ಲಿ ಅಲ್ಲ, ಮತ್ತೆ ಎಲ್ಲ ಒಂದೇ ದಿನ ಬೇಡ.

ನಮ್ಮ ಕಾಸರಗೋಡು ಕಡೆಯ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು, ಬೇರೆ ಊರಿನವರು ಹೇಳಿದ್ದನ್ನು ಹಾಗೆಯೇ ಇಲ್ಲಿ ಮಾಡಿದ್ರೆ ಸರಿ ಆಗುದಿಲ್ಲ. ನಮ್ಮದು ಮುರಕಲ್ಲಿನ ಗುಡ್ಡ, ಬಾವಿ ನೀರು ಇರ್ಲಿ, ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು ಇರ್ಲಿ, ಸಾಮಾನ್ಯವಾಗಿ ಮೆದು ನೀರು. ನಮ್ಮ ಸುರಂಗದ ನೀರು ಕಿಟ್ಟಿನಲ್ಲಿ ನೋಡಿದಾಗ ಜಿಎಚ್ (ಒಟ್ಟು ಗಡಸುತನ) 2, ಕೆಎಚ್ (ಕಾರ್ಬೊನೇಟ್ ಗಡಸುತನ) 1, ಪಿಎಚ್ 6ರ ಆಸುಪಾಸು. ಗಿಡಕ್ಕೆ ಮೆದು ನೀರು ಒಳ್ಳೆದೇ. ಆದ್ರೆ ತೀರಾ ಮೆದು ಅಂದ್ರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಇಲ್ಲ ಅಂತ ಅರ್ಥ, ಹೊಸ ಎಲೆ ಮುದುಡಿ ಬರ್ತದೆ, ಬಸವನಹುಳದ ಚಿಪ್ಪು ಸವೆತದೆ. ನಾನು ಸಮುದ್ರ ಚಿಪ್ಪು ತೊಳೆದು ಕುಟ್ಟಿ, ಒಂದು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿ ಇಟ್ಟಿದ್ದೇನೆ, ಒಂದು ಮುಷ್ಟಿಯಷ್ಟು, ಮೆಗ್ನೀಷಿಯಂಗೆ ಒಂದು ಚಿಟಿಕೆ ಎಪ್ಸಮ್ ಸಾಲ್ಟ್. ಕಡಲ ಬದಿಯವರು, ಉಪ್ಪಳ ಕುಂಬಳೆ ಕಡೆ, ಬೇಸಗೆಯಲ್ಲಿ ಬಾವಿಗೆ ಉಪ್ಪು ಏರುವ ಜಾಗದಲ್ಲಿದ್ರೆ ಒಮ್ಮೆ ನಾಲಗೆಗೆ ಹಾಕಿಯಾದ್ರೂ ನೋಡಿಕೊಳ್ಳಿ.

ನೆಲದ ಒಳಗಿಂದ ಆಗಷ್ಟೇ ಬಂದ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರ್ತದೆ, ಅದಕ್ಕೇ ನೀರು ಬದಲಿಸಿದ ದಿನ ಎಲೆಯಲ್ಲೆಲ್ಲ ಮುತ್ತಿನ ಹಾಗೆ ಗುಳ್ಳೆ ಏಳುದು. ನೋಡ್ಲಿಕ್ಕೆ ಗಮ್ಮತ್ತು, ಆದ್ರೆ ಒಂದು ದಿನ ಅಷ್ಟು ಗ್ಯಾಸು, ಮಾರನೇ ದಿನ ಇಲ್ಲ, ಈ ಏರಿಳಿತ ಬ್ಲ್ಯಾಕ್ ಬಿಯರ್ಡಿಗೆ ಹೇಳಿ ಮಾಡಿಸಿದ ಸ್ಥಿತಿ. ಒಂದು ದಿನ ಡ್ರಮ್ಮಿನಲ್ಲಿ ನಿಲ್ಲಿಸಿ ಹಾಕಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ಹೋಗ್ತಾರಲ್ಲ, ಆ ವಾರ ನೀರು ಬದಲಿಸುದೇ ಬೇಡ, ಬೇಕೇ ಬೇಕಾದ್ರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಡ್ರಮ್ಮು ಅಂದೆ. ಅಡಿಕೆಗೆ ಮದ್ದು ಬಿಡುವ ಡ್ರಮ್ಮು, ಬಕೆಟು, ಮಗ್ಗು ಯಾವುದನ್ನೂ ಟ್ಯಾಂಕಿನ ಹತ್ತಿರ ತರಬೇಡಿ, ಎಷ್ಟು ತೊಳೆದದ್ದಾದ್ರೂ. ನಮ್ಮ ಮಾವ ಒಮ್ಮೆ ಟ್ಯಾಂಕು ನೋಡಿ, "ಇದಕ್ಕೆ ಇಷ್ಟು ತಲೆಬಿಸಿ ಎಂತಕೆ, ಚೂರು ಮೈಲುತುತ್ತು ಹಾಕು, ಕೊಳೆರೋಗವೇ ಹೋಗ್ತದೆ, ಇದು ಹೋಗದಾ?" ಹೇಳಿದ್ರು. ಮಾವ ಹೇಳಿದ್ದು ಪೂರ್ತಿ ತಪ್ಪಲ್ಲ, ಮೈಲುತುತ್ತಿನಲ್ಲಿರುವ ತಾಮ್ರ ಪಾಚಿಯನ್ನು ಕೊಲ್ತದೆ, ಅಂಗಡಿಯಲ್ಲಿ ಸಿಗುವ ಕೆಲವು ಪಾಚಿ ಮದ್ದಿನಲ್ಲಿ ಇರುದೂ ತಾಮ್ರವೇ. ಆದ್ರೆ ಸಿಗಡಿ, ಬಸವನಹುಳ ಅದಕ್ಕಿಂತ ಮೊದಲು ಸಾಯ್ತದೆ, ನಮ್ಮ ಹಾಗಿನ ಮೆದು ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು, ಮೀನಿಗೂ ಸೇರಿ. ಮೈಲುತುತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ತೋಟಕ್ಕೆ, ಟ್ಯಾಂಕಿಗೆ ಅಲ್ಲ.

ಗಿಡಕ್ಕೆ ಊಟ ಹಾಕಿ

ಗೊಬ್ಬರ ನಿಲ್ಲಿಸಿದ್ರೆ ಪಾಚಿ ಉಪವಾಸ ಬೀಳ್ತದೆ ಅಂತ ಅಂದಾಜು ಮಾಡುದು ಸಹಜ, ಆದ್ರೆ ಮೊದಲು ಉಪವಾಸ ಬೀಳುದು ಗಿಡ. ಪಾಚಿಗೆ ಬೇಕಾದ್ದು ಎಷ್ಟೋ ಕಡಿಮೆ, ಸಾಯುವ ಎಲೆಯಿಂದ ಸೋರಿದ್ದೇ ಅದಕ್ಕೆ ಸಾಕು. ಟಾಮ್ ಬಾರ್ ಅಂತ ಅಮೆರಿಕದವರು, ಗೊಬ್ಬರ ಧಾರಾಳ ಹಾಕಿ ವಾರಕ್ಕೊಮ್ಮೆ ಅರ್ಧ ನೀರು ಬದಲಿಸಿ ಲೆಕ್ಕ ಸರಿ ಮಾಡುವ ಎಸ್ಟಿಮೇಟಿವ್ ಇಂಡೆಕ್ಸ್ ಪದ್ಧತಿಯನ್ನು ಹೇಳಿಕೊಟ್ಟವರು, ಅವರ ವಾದವೂ ಇದೇ, ನೈಟ್ರೇಟ್ ಫಾಸ್ಫೇಟ್ ಮಾತ್ರದಿಂದ ಪಾಚಿ ಬರುದಿಲ್ಲ ಅಂತ. ಅಮೋನಿಯಾದ ಕತೆ ಬೇರೆ, ಅದು ಬೇಡವೇ ಬೇಡ.

ಕಮ್ಮಿ ಖರ್ಚಿನ ದಾರಿ ತೋಟದವರಿಗೆ ಗೊತ್ತಿರುದೇ. ಗೊಬ್ಬರದ ಅಂಗಡಿಯ 13:0:45 ಅಂದ್ರೆ ಪೊಟ್ಯಾಷಿಯಂ ನೈಟ್ರೇಟ್, 0:52:34 ಅಂದ್ರೆ ಮೋನೋ ಪೊಟ್ಯಾಷಿಯಂ ಫಾಸ್ಫೇಟ್. 50 ಲೀಟರ್ ನೀರಿಗೆ 13:0:45 ಸುಮಾರು 0.8 ಗ್ರಾಂ ಹಾಕಿದ್ರೆ ನೈಟ್ರೇಟ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ಏರ್ತದೆ, ಜೊತೆಗೆ 6 ಪಿಪಿಎಂ ಪೊಟ್ಯಾಷಿಯಂ ಪುಕ್ಕಟೆ. ಫಾಸ್ಫೇಟ್ 1 ಪಿಪಿಎಂ ಏರ್ಲಿಕ್ಕೆ 0:52:34 ಬೇಕಾದ್ದು 0.07 ಗ್ರಾಂ ಮಾತ್ರ, ಅದನ್ನು ತೂಗ್ಲಿಕ್ಕೆ ಆಗುದಿಲ್ಲ, ಹಾಗಾಗಿ 3.6 ಗ್ರಾಂ ತಗೊಂಡು ಅರ್ಧ ಲೀಟರ್ ನೀರಲ್ಲಿ ಕರಗಿಸಿ ಇಟ್ಟು ಅದರಿಂದ 10 ಎಂಎಲ್ ಹಾಕಿ. ಇದು ವಾರದ ಲೆಕ್ಕ, ನೀರು ಬದಲಿಸಿದ ಮೇಲೆ. ಗ್ರೀನ್ ಸ್ಪಾಟ್ ಇದ್ರೆ ಫಾಸ್ಫೇಟ್ ಡಬಲ್ ಮಾಡಿ ನೋಡಿ. 19:19:19 ಹಾಕಬೇಡಿ, ಅದರಲ್ಲಿ ಯೂರಿಯಾ ಅಮೋನಿಯಾ ಉಂಟು, ಮೀನೂ ಹೋಗ್ತದೆ, ಪಾಚಿಯೂ ಬರ್ತದೆ. ಮೀನಿನ ಆಹಾರವೂ ಅಷ್ಟೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ವಾರಕ್ಕೆ ಒಂದು ದಿನ ರಜೆ.

ಊಟ ತಿನ್ಲಿಕ್ಕೆ ಬಾಯಿ ಬೇಕಲ್ಲ. ಟ್ಯಾಂಕಿನಲ್ಲಿ ನಾಲ್ಕು ಅನುಬಿಯಾಸ್ ಇಟ್ಟು ಫುಲ್ ಲೈಟು ಹಾಕಿದ್ರೆ ಪಾಚಿ ಬರದೆ ಎಂತ ಬರುದು? ಬೇಗ ಬೆಳೆಯುವ ಗಿಡ ತುಂಬಿಸಿ: ಹೈಗ್ರೋಫಿಲಾ, ವಾಟರ್ ಸ್ಪ್ರೈಟ್, ಹಾರ್ನ್‌ವರ್ಟ್. ಪಾಚಿ ಹತೋಟಿಗೆ ಬಂದ ಮೇಲೆ ಬೇಡದ್ದು ತೆಗಿರಿ. ತೆಗೆದದ್ದನ್ನು ಅಡಿಕೆ ಬುಡಕ್ಕೆ ಹಾಕಿ, ತೋಡಿಗೆ ಬಿಸಾಡಬೇಡಿ, ಸಾಲ್ವೀನಿಯಾ ಕೇರಳದ ಕೆರೆ ತೋಡುಗಳಲ್ಲಿ ಎಷ್ಟು ಉಪದ್ರ ಮಾಡಿದೆ ಅಂತ ನೋಡಿದವರೇ ನಾವು.

ಗ್ಯಾಸು: ಹಾಕುದಾದ್ರೆ ಸರಿ ಹಾಕಿ

ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇರುವವರು ಲೈಟಿಗಿಂತ ಎರಡು ಗಂಟೆ ಮೊದಲು ಗ್ಯಾಸು ಸುರು ಮಾಡಿ, ಲೈಟು ಹತ್ತುವಾಗ 30 ಪಿಪಿಎಂ ಹತ್ತಿರ ಇರಬೇಕು. ನೀರಲ್ಲಿ ಗ್ಯಾಸು ಎಷ್ಟುಂಟು ಅಂತ ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕ್ಕರ್ ಹಸಿರು ಇರಬೇಕು, ನೀಲಿ ಅಂದ್ರೆ ಕಡಿಮೆ, ಹಳದಿ ಅಂದ್ರೆ ಮೀನು ಮೇಲೆ ಬಂದು ಬಾಯಿ ಬಿಡುವ ಮೊದಲು ಇಳಿಸಿ. ಅದು ಬಣ್ಣ ಬದಲಿಸ್ಲಿಕ್ಕೇ ಒಂದೆರಡು ಗಂಟೆ ತಗೊಳ್ತದೆ, ಹಾಗಾಗಿ ಐದೈದು ನಿಮಿಷಕ್ಕೆ ತಿರುಪು ತಿರುಗಿಸಿ ಪ್ರಯೋಜನ ಇಲ್ಲ.

ಸಕ್ಕರೆ ಈಸ್ಟ್ ಹಾಕಿ ಮನೆಯಲ್ಲೇ ಗ್ಯಾಸು ಮಾಡುವ ಬಾಟ್ಲಿಯ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುದಿಲ್ಲ. ಏಪ್ರಿಲ್ ಸೆಕೆಯಲ್ಲಿ ಮೊದಲ ಮೂರು ದಿನ ಬುಳುಬುಳು, ವಾರ ಕಳೆಯುವಾಗ ಸುಸ್ತು, ರಾತ್ರಿಯೂ ನಿಲ್ಲುದಿಲ್ಲ. ನನ್ನ ಅನುಬಿಯಾಸ್‌ಗೆ ಕಪ್ಪು ಗಡ್ಡ ಬಂದದ್ದೇ ಈಸ್ಟ್ ಬಾಟ್ಲಿ ಇಟ್ಟ ಎರಡು ತಿಂಗಳಲ್ಲಿ. ಹಾಗೆ ಏರುಪೇರು ಕೊಡುದಕ್ಕಿಂತ ಗ್ಯಾಸೇ ಬೇಡ. ಕಡಿಮೆ ಲೈಟು, ಕ್ರಿಪ್ಟೋಕರೈನ್, ಜಾವಾ ಫರ್ನ್, ಲ್ಯಾಜೆನಾಂಡ್ರ ಇಡಿ, ಲ್ಯಾಜೆನಾಂಡ್ರ ಅಂತೂ ನಮ್ಮ ಪಶ್ಚಿಮ ಘಟ್ಟದಲ್ಲೇ ಹುಟ್ಟುವ ಗಿಡ. ಗ್ಯಾಸು ಇಲ್ಲದಿದ್ರೆ ಮೇಲೆ ಹೇಳಿದ ಗೊಬ್ಬರ ಮೂರನೇ ಒಂದು ಪಾಲು ಸಾಕು.

ಹಠ ಹಿಡಿದದ್ದಕ್ಕೆ ಮದ್ದು

ಇಷ್ಟೆಲ್ಲ ಮಾಡಿ ಮೂರು ವಾರ ಕಳೆದ ಮೇಲೆ ಮಾತ್ರ ಈ ಭಾಗಕ್ಕೆ ಬನ್ನಿ. ಬ್ಲ್ಯಾಕ್ ಬಿಯರ್ಡ್, ಹೇರ್ ಆಲ್ಗೆಗೆ ಹೈಡ್ರೋಜನ್ ಪೆರಾಕ್ಸೈಡ್. ಇಲ್ಲಿ ಒಂದು ಅಪಾಯ: ಹೊರದೇಶದವರು ಬರೆಯುವ ಲೆಕ್ಕ 3 ಪರ್ಸೆಂಟಿನದ್ದು, ನಮ್ಮ ಮೆಡಿಕಲ್ ಶಾಪಿನಲ್ಲಿ ಸಾಮಾನ್ಯವಾಗಿ ಸಿಗುದು 6 ಪರ್ಸೆಂಟ್, ಬಾಟ್ಲಿಯಲ್ಲಿ 20 ವಾಲ್ಯೂಮ್ ಅಂತ ಬರೆದಿರ್ತದೆ. ನೋಡದೆ ಹಾಕಿದ್ರೆ ಡಬಲ್ ಡೋಸು. 50 ಲೀಟರಿಗೆ 6 ಪರ್ಸೆಂಟಿನದ್ದು ಒಟ್ಟು 8–9 ಎಂಎಲ್ ದಾಟಬೇಡಿ. ಫಿಲ್ಟರ್ ಆಫ್ ಮಾಡಿ, ನೀರು ನಿಂತ ಮೇಲೆ ಸೂಜಿ ಇಲ್ಲದ ಸಿರಿಂಜಲ್ಲಿ ಪಾಚಿಯ ಮೇಲೆಯೇ ನಿಧಾನಕ್ಕೆ ಬಿಡಿ, ಸಣ್ಣ ಸಣ್ಣ ಗುಳ್ಳೆ ಏಳ್ಲಿಕ್ಕೆ ಸುರು ಆಗ್ತದೆ, ಹತ್ತು ನಿಮಿಷ ಬಿಟ್ಟು ಫಿಲ್ಟರ್ ಆನ್. ಒಂದು ದಿನಕ್ಕೆ ಒಂದು ಜಾಗ. ಎರಡು ಮೂರು ದಿನದಲ್ಲಿ ಕಪ್ಪು ಕುಚ್ಚು ಗುಲಾಬಿ ಆಗ್ತದೆ, ಅಂದ್ರೆ ಸತ್ತಿದೆ, ಮತ್ತೆ ಬಿಳಿ. ಮಾಸ್ (moss) ಜಾತಿಯ ಗಿಡಕ್ಕೆ ತಾಗಿಸಬೇಡಿ. ಲಿಕ್ವಿಡ್ ಕಾರ್ಬನ್ ಅಂತ ಮಾರುದು ಗ್ಲುಟರಾಲ್ಡಿಹೈಡ್, ಅದೂ ಕೆಲಸ ಮಾಡ್ತದೆ, ಆದ್ರೆ ವ್ಯಾಲಿಸ್ನೇರಿಯಾ ಗಿಡ ಕರಗಿ ಹೋಗ್ತದೆ, ಕೈಗೆ ಗ್ಲೌಸ್ ಬೇಕು.

ಸಯನೋ ಮತ್ತೆ ಹಸಿರು ನೀರಿಗೆ ಬ್ಲ್ಯಾಕೌಟ್. ಸಯನೋ ಹಾಳೆಯನ್ನು ಪೈಪಲ್ಲಿ ಎಳೆದು, ಅರ್ಧ ನೀರು ಬದಲಿಸಿ, ಲೈಟು ಗ್ಯಾಸು ಎರಡೂ ಆಫ್, ಏರ್ ಪಂಪ್ ಆನ್, ಮೇಲಿಂದ ಕಪ್ಪು ಬಟ್ಟೆ ಎರಡು ಮಡಿಕೆ ಮಾಡಿ ಪೂರ್ತಿ ಮುಚ್ಚಿ. ಮೂರು ದಿನ. ಇಣುಕಿ ನೋಡುದಿಲ್ಲ, ಆಹಾರ ಹಾಕುದಿಲ್ಲ, ಮೀನಿಗೆ ಎಂತದ್ದೂ ಆಗುದಿಲ್ಲ. ತೆಗೆದ ದಿನ ಪುನಃ ಅರ್ಧ ನೀರು, ಯಾಕಂದ್ರೆ ಸತ್ತದ್ದು ಕೊಳಿತಾ ಇರ್ತದೆ. ಜೂನ್ ಜುಲೈಯಲ್ಲಿ ಇನ್ವರ್ಟರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಬಟ್ಟೆ ಮುಚ್ಚಿ ಕರೆಂಟು ಹೋದ್ರೆ ಮೀನು ಉಸಿರು ಕಟ್ಟಿ ಸಾಯುದು ನಿಮಗೆ ಕಾಣುದೂ ಇಲ್ಲ. ಸಯನೋಗೆ ಎರಿಥ್ರೋಮೈಸಿನ್ ಮಾತ್ರೆ ಹುಡಿ ಮಾಡಿ ಹಾಕುವವರು ಉಂಟು, ಅದು ಬ್ಯಾಕ್ಟೀರಿಯಾ ಆದ ಕಾರಣ ಸಾಯ್ತದೆ ನಿಜ, ಆದ್ರೆ ಆ ನೀರು ಕೊನೆಗೆ ಹೋಗುದು ನಮ್ಮ ತೋಡಿಗೇ ಅಲ್ವಾ, ನಾನಂತೂ ಹಾಕುದಿಲ್ಲ. ಸಯನೋ ಮರಳಿ ಬಂದ್ರೆ ನೈಟ್ರೇಟ್ ಸೊನ್ನೆ ಉಂಟಾ, ಆ ಮೂಲೆಯಲ್ಲಿ ನೀರು ಓಡ್ತದಾ ನೋಡಿ. ಹಸಿರು ನೀರು ಮರಳಿದ್ರೆ ನೀರನ್ನು ಒಳಗೆ ಹಾಯಿಸುವ ಯುವಿ ಸ್ಟೆರಿಲೈಸರ್ ಹಾಕಿ, ವಾರದೊಳಗೆ ನೀರು ತಿಳಿ ಆಗ್ತದೆ.

ಪಾಚಿ ತಿನ್ನುವವರು

ಇವರನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಅಂಗಡಿಯವರು ಮೊದಲು ಕೊಡುದು ಸಕ್ಕರ್ ಮೀನು, ಟ್ಯಾಂಕ್ ಕ್ಲೀನರ್ ಅಂತ ಹೆಸರು ಬೇರೆ. ಅದು ಒಂದಡಿಗಿಂತ ಉದ್ದ ಬೆಳಿತದೆ, ಗಿಡ ಕೀಳ್ತದೆ, ಅದರ ಹೇಲೇ ಪಾಚಿಗೆ ಗೊಬ್ಬರ. ತಗೊಂಡಾಗಿದ್ರೆ ವಾಪಸು ಕೊಡಿ, ಹೊಳೆಗೆ ಬಿಡಬೇಡಿ. ಮಿಸ್ ಕೇರಳ ಪಾಚಿ ತಿಂತದೆ ಅಂತ ತರುವವರಿದ್ದಾರೆ, ನಮ್ಮ ಚಂದ್ರಗಿರಿ ಹೊಳೆಯಲ್ಲೂ ಇರುವ ಚಂದದ ಮೀನು, ಅಪಾಯದ ಅಂಚಿನಲ್ಲಿರುವ ಜಾತಿ. ಗುಂಪಲ್ಲಿ ಓಡಾಡುವ ಅದಕ್ಕೆ ಎರಡಡಿ ಟ್ಯಾಂಕು ಜೈಲು. ಸಯಾಮೀಸ್ ಆಲ್ಗೆ ಈಟರ್ ಬ್ಲ್ಯಾಕ್ ಬಿಯರ್ಡ್ ತಿನ್ನುವ ಕೆಲವೇ ಮೀನುಗಳಲ್ಲಿ ಒಂದು, ಕಪ್ಪು ಪಟ್ಟೆ ಬಾಲದ ತುದಿವರೆಗೆ ಹೋಗಿರಬೇಕು, ರೆಕ್ಕೆಯಲ್ಲಿ ಬಣ್ಣ ಇರಬಾರದು, ಇಲ್ಲದಿದ್ರೆ ಬೇರೆ ಯಾವುದನ್ನೋ ಕೊಡ್ತಿದ್ದಾರೆ. ಅದೂ ಅರ್ಧ ಅಡಿ ಹತ್ತಿರ ಬೆಳೆಯುವಂಥದ್ದು, ದೊಡ್ಡ ಟ್ಯಾಂಕು ಇರುವವರಿಗೆ.

ನಮ್ಮ ಸೈಜಿಗೆ ಅಮಾನೋ ಸಿಗಡಿ, ನೆರೈಟ್ ಬಸವನಹುಳ. ಜಪಾನಿನ ತಕಾಶಿ ಅಮಾನೋ 1980ರ ದಶಕದಲ್ಲಿ ಪಾಚಿ ತೆಗಿಲಿಕ್ಕೆ ಈ ಸಿಗಡಿ ಬಳಸಿದ್ದರಿಂದ ಅವರ ಹೆಸರೇ ಬಂದದ್ದು. 50 ಲೀಟರಿಗೆ ಆರು ಸಿಗಡಿ, ಎರಡು ನೆರೈಟ್ ಸಾಕು. ಎರಡೂ ಸಿಹಿನೀರಲ್ಲಿ ಮರಿ ಆಗುದಿಲ್ಲ, ಆದ್ರೆ ನೆರೈಟ್ ಬಿಳಿ ಎಳ್ಳಿನ ಹಾಗೆ ಮೊಟ್ಟೆ ಅಂಟಿಸಿ ಇಡ್ತದೆ, ಅದೊಂದು ಕಿರಿಕಿರಿ.

ಎಂಟು ವಾರ ಕೊಡಿ. ಹೊಸ ಎಲೆ ಪಾಚಿ ಇಲ್ಲದೆ ಬರ್ಲಿಕ್ಕೆ ಸುರು ಆದ ಮೇಲೆ ಲೈಟು ಎರಡು ವಾರಕ್ಕೆ ಅರ್ಧ ಗಂಟೆಯ ಹಾಗೆ ಏರಿಸಿ, ಪುನಃ ಚುಕ್ಕೆ ಕಂಡ್ರೆ ಒಂದು ಮೆಟ್ಟಿಲು ಹಿಂದೆ ಬನ್ನಿ, ನಂದು ಏಳೂವರೆ ಗಂಟೆಯಲ್ಲಿ ನಿಂತಿದೆ. ಎದುರಿನ ಗ್ಲಾಸು ವಾರಕ್ಕೊಮ್ಮೆ ಕೆರೆತೇನೆ, ಹಿಂದಿನ ಗ್ಲಾಸಿನದ್ದನ್ನು ಮುಟ್ಲಿಕ್ಕೆ ಹೋಗುದಿಲ್ಲ, ಸಿಗಡಿಗಳಿಗೂ ಊಟ ಬೇಕಲ್ಲ.